ಒಂದು ಮೀಟರ್ ಎತ್ತರದಿಂದ ಕಂಡ ಸಾವು: ಒಂದು ನೃತ್ಯ ಪ್ರಯೋಗದ ಪ್ರಕರಣ ಅಧ್ಯಯನ

ಬಾಲ್ಯದಲ್ಲಿ ಕಂಡ ಸಾವನ್ನು ರಂಗಕ್ಕೆ ತರಬೇಕೆಂದು ಹೊರಡುವ ತಂಡಗಳು ಸಾಮಾನ್ಯವಾಗಿ ಎಡವುವುದು ಒಂದೇ ಜಾಗದಲ್ಲಿ. ಆಚರಣೆಯನ್ನೇ ನೃತ್ಯ ಅಂದುಕೊಳ್ಳುತ್ತಾರೆ. ಇಲ್ಲಿ ಬರೆದಿರುವ ತಂಡವೂ ಅಲ್ಲೇ ಎಡವಿತು, ಆದರೆ ಎದ್ದುಬಂದ ದಾರಿ ಇತರರಿಗೆ ಉಪಯೋಗಕ್ಕೆ ಬರುವಂಥದ್ದು. ಗುರುತು ಸಿಗದಿರಲೆಂದು ಊರು, ಸಂಬಂಧ, ಕೆಲವು ಚಿಕ್ಕ ವಿವರಗಳನ್ನು ಬದಲಿಸಲಾಗಿದೆ.

ಹಿನ್ನೆಲೆ

ಬೆಂಗಳೂರಿನ ತಂಡ. ಆರು ಮಂದಿ ನರ್ತಕರಲ್ಲಿ ನಾಲ್ವರು ಸಮಕಾಲೀನ ನೃತ್ಯದಲ್ಲಿ ಪಳಗಿದವರು, ಒಬ್ಬಾಕೆ ಭರತನಾಟ್ಯದಿಂದ ಬಂದವರು, ಇನ್ನೊಬ್ಬರು ನಾಟಕದ ನಟ. ಬೆಳಕಿಗೆ ಒಬ್ಬರು, ಧ್ವನಿಗೆ ಒಬ್ಬರು. ನಿರ್ದೇಶಕಿ ಮಲೆನಾಡಿನ ಅಂಚಿನ ಹಳ್ಳಿಯವರು. ಅವರಿಗೆ ಐದು ವರ್ಷವಿದ್ದಾಗ ಮನೆಯಲ್ಲಿ ಅಜ್ಜಿ ತೀರಿಕೊಂಡರು. ಹೆಣವನ್ನು ನಡುಮನೆಯಲ್ಲಿ ಮಲಗಿಸಿದ್ದು, ತಲೆಯ ಬಳಿ ದೀಪ ಹಚ್ಚಿದ್ದು, ಕಾಲಿನ ಹೆಬ್ಬೆರಳುಗಳನ್ನು ಸೇರಿಸಿ ಕಟ್ಟಿದ್ದು, ಬಾಯಿಗೆ ಅಕ್ಕಿಕಾಳು ಹಾಕಿದ್ದು, ಅಂಗಳದಲ್ಲಿ ಬಿದಿರು ಸೀಳಿ ಚಟ್ಟ ಕಟ್ಟಿದ್ದು, ದಾರಿಯುದ್ದಕ್ಕೂ ಮಂಡಕ್ಕಿ, ಚಿಲ್ಲರೆ ಎರಚಿದ್ದು, ಚಿತೆಯ ಸುತ್ತ ತೂತು ಕೊಡದ ನೀರು ಸೋರಿದ್ದು, ಇವೆಲ್ಲ ಕಣ್ಣಿಗೆ ಕಟ್ಟಿದಂತಿವೆ ಎಂದು ಅವರು ಮೊದಲ ದಿನವೇ ತಂಡಕ್ಕೆ ವಿವರಿಸಿದರು. ಪ್ರಯೋಗದ ಅಡಿಪಾಯ ಇದೇ ಆಗಿತ್ತು.

ಇಂಥ ಕೆಲಸಕ್ಕೆ ಹಿಂದಿನ ದಾರಿಗಳಿವೆ. ಪೋಲೆಂಡಿನ ರಂಗನಿರ್ದೇಶಕ ತಡೇವುಷ್ ಕಾಂಟೋರ್ 1975ರಲ್ಲಿ ಮಾಡಿದ ಪ್ರಯೋಗದಲ್ಲಿ ಮುದುಕರು ತಮ್ಮ ಬಾಲ್ಯದ ದೇಹಗಳನ್ನು ಬೊಂಬೆಗಳಾಗಿ ಹೊತ್ತುಕೊಂಡು ಶಾಲೆಯ ಬೆಂಚಿಗೆ ಮರಳುತ್ತಾರೆ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬಾಷ್ ಜೋಲಿಂಗೆನ್ ಊರಿನಲ್ಲಿ ತಂದೆ-ತಾಯಿ ನಡೆಸುತ್ತಿದ್ದ ಹೋಟೆಲಿನಲ್ಲಿ ಮೇಜಿನ ಕೆಳಗೆ ಕೂತು ದೊಡ್ಡವರನ್ನು ನೋಡುತ್ತ ಬೆಳೆದವರು. 1978ರ ಅವರ ಕೆಫೆ ಪ್ರಯೋಗದ ಹಿಂದೆ ಆ ಬಾಲ್ಯವಿದೆ. ನರ್ತಕರಿಗೆ ಹೆಜ್ಜೆ ಕಲಿಸುವ ಬದಲು ಪ್ರಶ್ನೆ ಕೇಳಿ, ಉತ್ತರವನ್ನು ದೇಹದಿಂದ ಪಡೆಯುವ ಅವರ ಕ್ರಮ ಈಗ ಎಲ್ಲ ಕಡೆ ಬಳಕೆಯಲ್ಲಿದೆ. ನಮ್ಮ ತಂಡವೂ ಆ ಕ್ರಮವನ್ನು ಹಿಡಿದಿತ್ತು. ಆದರೆ ಮೊದಲ ಹಂತದಲ್ಲಿ ಕೇಳಿದ ಪ್ರಶ್ನೆಗಳೇ ಸರಿಯಿರಲಿಲ್ಲ. ‘ನಿಮ್ಮ ಮನೆಯ ಸಾವು ನೆನೆದಾಗ ಏನನ್ನಿಸುತ್ತದೆ?’ ಎಂದು ಕೇಳಿದರೆ ಬರುವ ಉತ್ತರ ಅಳು. ಅದು ಆರು ಜನರಲ್ಲೂ ಒಂದೇ ಥರ ಇರುತ್ತದೆ: ಎದೆ ಒಳಗೆ, ಭುಜ ಮುಂದೆ, ಮುಖ ನೆಲಕ್ಕೆ.

ಎಲ್ಲಿ ಕೆಟ್ಟಿತು

ಮೊದಲ ಕರಡನ್ನು ಆಹ್ವಾನಿತರ ಮುಂದೆ ಆಡಿದಾಗ ಅದು 70 ನಿಮಿಷವಿತ್ತು. ಪ್ರಾಣ ಹೋದಲ್ಲಿಂದ ಕಾಗೆಗೆ ಪಿಂಡ ಇಡುವ ತನಕ ಎಲ್ಲವೂ ಕ್ರಮವಾಗಿ ಬರುತ್ತಿತ್ತು. ಆಮೇಲಿನ ಮಾತುಕತೆಯಲ್ಲಿ ನೃತ್ಯದ ಬಗ್ಗೆ ಯಾರೂ ಮಾತಾಡಲಿಲ್ಲ. ‘ನಮ್ಮ ಕಡೆ ಹೀಗೆ ಕಟ್ಟಲ್ಲ’, ‘ಕೊಡ ಎಡಹೆಗಲ ಮೇಲಿರಬೇಕಿತ್ತು’, ‘ನಾವು ಸುಡಲ್ಲ, ಹೂಳ್ತೀವಿ’. ನೋಡುಗರು ತಪ್ಪು ಹುಡುಕುವ ಪುರೋಹಿತರಾಗಿದ್ದರು. ಅದು ಅವರ ತಪ್ಪಲ್ಲ. ಸತ್ತವರಿಗೂ ಮಾಡುವವರಿಗೂ ಇರುವ ಸಂಬಂಧದಿಂದಲೇ ಆಚರಣೆಗೆ ಬಲ ಬರುತ್ತದೆ. ಆ ಸಂಬಂಧವನ್ನು ಬಿಟ್ಟು ಕ್ರಮವನ್ನು ಮಾತ್ರ ತಂದರೆ ಉಳಿಯುವುದು ಪ್ರಾತ್ಯಕ್ಷಿಕೆ. ಪ್ರಾತ್ಯಕ್ಷಿಕೆಯನ್ನು ಜನ ಸರಿ-ತಪ್ಪು ಎಂದೇ ನೋಡುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿತ್ತು. ನರ್ತಕರಲ್ಲಿ ಒಬ್ಬರ ತಂದೆ ಕೆಲವೇ ತಿಂಗಳ ಹಿಂದೆ ತೀರಿಕೊಂಡಿದ್ದರು. ಬಾಯಿಗೆ ಅಕ್ಕಿ ಹಾಕುವ ದೃಶ್ಯವನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದಾಗ ಒಂದು ಸಂಜೆ ಅವರು ಕುಸಿದು ಕೂತರು. ತಾಲೀಮು ಅಲ್ಲಿಗೇ ನಿಂತಿತು. ‘ಅದೇ ಭಾವ ಇಟ್ಟುಕೊಳ್ಳಿ, ಚೆನ್ನಾಗಿದೆ’ ಎಂದು ಹೇಳುವ ನಿರ್ದೇಶಕರನ್ನು ರಂಗದಲ್ಲಿ ಕಂಡವರಿದ್ದಾರೆ. ಇಲ್ಲಿ ಪುಣ್ಯಕ್ಕೆ ಹಾಗಾಗಲಿಲ್ಲ. ಮರುದಿನ ತಂಡ ಮೂರು ನಿಯಮ ಮಾಡಿಕೊಂಡಿತು. ಒಂದು ವರ್ಷದೊಳಗೆ ಮನೆಯಲ್ಲಿ ಸಾವು ಕಂಡವರಿಗೆ ಆ ಸಾವಿಗೆ ಹತ್ತಿರದ ಪಾತ್ರ ಕೊಡಬಾರದು. ಯಾರೇ ಆದರೂ ಕಾರಣ ಹೇಳದೆ ಕೈಯೆತ್ತಿ ತಾಲೀಮಿನಿಂದ ಹೊರಬರಬಹುದು. ದಿನದ ಕೊನೆಗೆ ಹದಿನೈದು ನಿಮಿಷ ಮುಚ್ಚುವ ಕೆಲಸ: ವಸ್ತುಗಳನ್ನು ಒರೆಸಿ ಎತ್ತಿಡುವುದು, ಬಟ್ಟೆ ಬದಲಿಸುವುದು, ಕೈಕಾಲು ತೊಳೆಯುವುದು, ಒಟ್ಟಿಗೆ ಏನಾದರೂ ತಿನ್ನುವುದು. ಸಾವಿನ ಮನೆಯಿಂದ ಬಂದವರು ಸ್ನಾನ ಮಾಡಿಯೇ ಒಳಗೆ ಬರುವ ರೂಢಿಗೆ ಇದು ಹತ್ತಿರ ಇದೆ ಎಂದು ಯಾರೋ ಹೇಳಿದರಂತೆ. ಇರಬಹುದು. ಏನೇ ಆದರೂ ಇದು ಕೆಲಸ ಮಾಡಿತು. ಆ ನರ್ತಕರು ಬೇರೆ ಭಾಗದಲ್ಲಿ ಮುಂದುವರಿದರು.

ಚಿಕ್ಕಮ್ಮನ ಒಂದು ಮಾತು

ಕುಟುಂಬದ ಒಪ್ಪಿಗೆ ಕೇಳಲು ನಿರ್ದೇಶಕಿ ಊರಿಗೆ ಹೋಗಿ ಚಿಕ್ಕಮ್ಮನ ಮುಂದೆ ತಮ್ಮ ನೆನಪನ್ನೆಲ್ಲ ಹೇಳಿದರು. ಚಿಕ್ಕಮ್ಮ ಪೂರ್ತಿ ಕೇಳಿ ಅಂದದ್ದು: “ಅಯ್ಯೋ, ನಿನ್ನನ್ನ ಬೆಳಗ್ಗೆನೇ ಪಕ್ಕದ ಮನೆಗೆ ಕಳಿಸಿಬಿಟ್ಟಿದ್ವಲ್ಲೇ. ನೀನೆಲ್ಲಿ ನೋಡ್ದೆ ಅದನ್ನೆಲ್ಲ?”

ಪ್ರಯೋಗದ ತಿರುವು ಇದು. ಚಿಕ್ಕಂದಿನಲ್ಲಿ ನೂರು ಸಲ ಕೇಳಿದ್ದು ಕಂಡದ್ದಾಗಿ ಬೆರೆತುಹೋಗುವುದು ಹೊಸದೇನಲ್ಲ. ಆದರೆ ಇಡೀ ಪ್ರಯೋಗ ನಿಂತಿದ್ದೇ ‘ಕಂಡದ್ದರ’ ಮೇಲೆ. ತಂಡದೊಳಗೆ ಎರಡು ಮಾತು ಬಂದವು. ಕಲಾಕೃತಿಗೆ ನೆನಪು ನಿಜವಾಗಿರಲೇಬೇಕಿಲ್ಲ, ಹಾಗೇ ಮುಂದುವರಿಯೋಣ ಎಂದು ಕೆಲವರು. ನಿರ್ದೇಶಕಿಯ ಪ್ರಶ್ನೆ ಬೇರೆಯಿತ್ತು: ಹಾಗಾದರೆ ನಾನು ಕಂಡದ್ದೇನು?

ಚಿಕ್ಕಮ್ಮನನ್ನೂ ಪಕ್ಕದ ಮನೆಯವರನ್ನೂ ಕೇಳಿ ಉಳಿದದ್ದನ್ನು ಸೋಸಿದಾಗ ಸಿಕ್ಕಿದ್ದು ತೀರಾ ಸ್ವಲ್ಪ. ಪಕ್ಕದ ಮನೆಯ ಜಗಲಿಯಿಂದ, ಬೇಲಿಯ ಸಂದಿನಲ್ಲಿ ಕಂಡ ಕಾಲುಗಳು. ಅಂಗಳದಲ್ಲಿ ಬಿದಿರು ಸೀಳುವ ಸದ್ದು. ದಾರಿಯಲ್ಲಿ ಬಿದ್ದಿದ್ದ ನಾಣ್ಯವೊಂದನ್ನು ಹೆಕ್ಕಿದ್ದಕ್ಕೆ ಕೈಮೇಲೆ ಬಿದ್ದ ಏಟು. ಸಂಜೆ ಮನೆಗೆ ಬಂದಾಗ ಪೂರ್ತಿ ತೊಳೆದು ಒದ್ದೆಯಾಗಿದ್ದ ನಡುಮನೆ, ಅಜ್ಜಿಯ ಜಾಗದಲ್ಲಿ ಒಂದು ದೀಪ. 70 ನಿಮಿಷದ ಕರಡಿನಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ!

ಅಲ್ಲಿಂದ ಕೇಳುವ ಪ್ರಶ್ನೆ ಬದಲಾಯಿತು. ‘ಏನನ್ನಿಸಿತು’ ಹೋಗಿ, ‘ಆ ದಿನ ಯಾರು ಯಾವ ಕೆಲಸ ಮಾಡುತ್ತಿದ್ದರು? ನಿಮ್ಮನ್ನು ಎಲ್ಲಿಗೆ ಕಳಿಸಿದರು? ಅಲ್ಲಿಂದ ಏನೇನು ಕಾಣುತ್ತಿತ್ತು?’ ಎಂಬುದು ಬಂತು. ಆರೂ ಜನರಿಂದ ಮೂವತ್ತಕ್ಕೂ ಹೆಚ್ಚು ಕೆಲಸಗಳ ಪಟ್ಟಿಯಾಯಿತು. ಹಾಸಿಗೆ ಸುತ್ತುವುದು, ಹಂಡೆಗೆ ನೀರು ತುಂಬುವುದು, ಬಂದವರಿಗೆ ಚಾಪೆ ಹಾಸುವುದು, ಹಗ್ಗ ಹೊಸೆಯುವುದು, ದೂರದೂರಿಗೆ ಸುದ್ದಿ ಮುಟ್ಟಿಸುವುದು, ಅಳುತ್ತಿರುವವರ ಸೆರಗು ಸರಿಮಾಡುವುದು, ಮಕ್ಕಳನ್ನು ಆಚೆ ಕಳಿಸುವುದು. ಇವನ್ನು ಆಡುವುದಕ್ಕೆ ಕಟ್ಟಳೆ ಸರಳ. ಶುರು ಮಾಡಿದ ಕೆಲಸ ಮುಗಿಯಲೇಬೇಕು, ವೇಗ ನಿಜವಾದದ್ದೇ ಇರಬೇಕು, ವಸ್ತು ಇದ್ದರೆ ನಿಜವಾದದ್ದು, ಇಲ್ಲದಿದ್ದರೆ ಆ ಕೆಲಸವೇ ಬೇಡ, ಗಾಳಿಯಲ್ಲಿ ಅಭಿನಯಿಸುವಂತಿಲ್ಲ, ಮುಖ ಕೆಲಸದ ಕಡೆಗೇ ಇರಬೇಕು. ಭರತನಾಟ್ಯದಿಂದ ಬಂದವರಿಗೆ ಕೊನೆಯದು ತುಂಬಾ ಕಷ್ಟವಾಯಿತು. ಅವರ ಮುಖ ತಾನಾಗಿಯೇ ರಸ ಕಟ್ಟುತ್ತಿತ್ತು. ತುಂಬಿದ ಬಿಂದಿಗೆಯನ್ನು ತುಳುಕದಂತೆ ಒಯ್ಯುವ ಕೆಲಸ ಕೊಟ್ಟ ಮೇಲೆ ಅದು ತಪ್ಪಿತು. ನಿಜವಾದ ಭಾರ ಕೈಗೆ ಬಂದರೆ ಮುಖಕ್ಕೆ ಪುರಸೊತ್ತು ಇರುವುದಿಲ್ಲ.

ಅರ್ಧ ತೆರೆ

ಐದು ವರ್ಷದ ಮಗುವಿನ ಕಣ್ಣು ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರದಲ್ಲಿ ಮೊಬೈಲ್ ಇಟ್ಟು ತಾಲೀಮನ್ನು ಚಿತ್ರಿಸಿ ನೋಡಿದರು. ಕಂಡದ್ದು ಮೊಣಕಾಲು, ಸೀರೆಯ ನೆರಿಗೆ, ಇಳಿಬಿಟ್ಟ ಕೈಗಳು, ಕೊಡದ ತಳ. ಅಲ್ಲಿಂದ ಹುಟ್ಟಿದ್ದು ಮೊದಲ ಒಂಬತ್ತು ನಿಮಿಷದ ರೂಪ: ಮೇಲಿನಿಂದ ಇಳಿಬಿಟ್ಟ ಕಪ್ಪು ತೆರೆ, ಅದರ ಕೆಳಅಂಚು ರಂಗದ ನೆಲದಿಂದ ಸರಿಯಾಗಿ ಒಂದು ಮೀಟರ್ ಮೇಲೆ. ಎರಡೂ ಪಕ್ಕದಿಂದ ಕಣಕಾಲ ಮಟ್ಟದಲ್ಲಿ ಸೈಡ್ ಲೈಟು, ಮೇಲಿನ ಬೆಳಕು ಪೂರ್ತಿ ಬಂದ್. ಪ್ರೇಕ್ಷಕರಿಗೆ ಮುಖ ಕಾಣುವುದೇ ಇಲ್ಲ.

ತಾಲೀಮಿನ ಕೋಣೆಯಲ್ಲಿ ಇದು ಅದ್ಭುತವಾಗಿತ್ತು, ಸಭಾಂಗಣದಲ್ಲಿ ಕೈಕೊಟ್ಟಿತು. ಮುಂದಿನ ಸಾಲಿನವರಿಗೆ ನರ್ತಕರ ಗಲ್ಲದ ತನಕ ಕಾಣುತ್ತಿತ್ತು, ಹಿಂದಿನ ಸಾಲಿಗೆ ತೊಡೆಯೂ ಪೂರ್ತಿ ಇಲ್ಲ. ಲೆಕ್ಕ ಸುಲಭ. ರಂಗ 90 ಸೆಂಟಿಮೀಟರ್ ಎತ್ತರವಿದ್ದರೆ, ಮುಂದಿನ ಸಾಲಿನಲ್ಲಿ ಕೂತವರ ಕಣ್ಣು ರಂಗದ ನೆಲದಿಂದ 30 ಸೆಂಟಿಮೀಟರ್ ಮಾತ್ರ ಮೇಲಿರುತ್ತದೆ. ತೆರೆ ಅವರಿಂದ 3 ಮೀಟರ್ ದೂರ, ನರ್ತಕರು ತೆರೆಯಿಂದ 2 ಮೀಟರ್ ಹಿಂದೆ ಎಂದರೆ ಅವರಿಗೆ 1.47 ಮೀಟರ್ ತನಕ ಕಾಣುತ್ತದೆ. ಹಿಂದಿನ ಸಾಲಿನವರ ಕಣ್ಣು ರಂಗಕ್ಕಿಂತ 3 ಮೀಟರ್ ಮೇಲೆ, ತೆರೆಯಿಂದ 12 ಮೀಟರ್ ದೂರ ಇದ್ದರೆ 0.67 ಮೀಟರ್ ಅಷ್ಟೇ. ತೆರೆಯನ್ನು ಏರಿಸಿ ಇಳಿಸಿ ಉಪಯೋಗವಿಲ್ಲ. ಒಬ್ಬರಿಗೆ ಸರಿಮಾಡಿದರೆ ಇನ್ನೊಬ್ಬರಿಗೆ ಕೆಡುತ್ತದೆ. ಪರಿಹಾರ ಇದ್ದದ್ದು ನರ್ತಕರನ್ನು ತೆರೆಗೆ ಅಂಟಿದಂತೆ ತರುವುದರಲ್ಲಿ. ಅರ್ಧ ಮೀಟರ್ ಹಿಂದಿದ್ದರೆ ಮುಂದಿನವರಿಗೆ 1.12, ಹಿಂದಿನವರಿಗೆ 0.92. ವ್ಯತ್ಯಾಸ 80 ಸೆಂಟಿಮೀಟರಿನಿಂದ 20ಕ್ಕೆ ಇಳಿಯಿತು. ಅರ್ಧ ಮೀಟರ್ ಅಗಲದ ಓಣಿಯಲ್ಲಿ ಐದು ಜನ ಒಬ್ಬರನ್ನೊಬ್ಬರು ದಾಟಿಕೊಂಡು ಕೆಲಸ ಮಾಡಬೇಕಾಗಿ ಬಂದದ್ದು ಚಲನೆಗೂ ಒಳ್ಳೆಯದೇ ಮಾಡಿತು. ಸಾವಿನ ಮನೆಯ ಇಕ್ಕಟ್ಟು ತಾನಾಗಿ ಬಂತು.

ಹೊರುವುದು

ಹೆಣವಾಗಿ ಮಲಗುವ ನರ್ತಕಿಯ ತೂಕ 54 ಕೆ.ಜಿ. ಆಕೆ ಪೂರ್ತಿ ಸಡಿಲ ಬಿಟ್ಟರೆ ಎತ್ತುವಾಗ ಕತ್ತು ಹಿಂದಕ್ಕೆ ಜೋತುಬೀಳುತ್ತದೆ, ಅದು ಅಪಾಯ. ಬಿಗಿ ಹಿಡಿದರೆ ಹೆಣವೆಂದು ಯಾರೂ ನಂಬುವುದಿಲ್ಲ. ನೋಡುಗರ ಕಣ್ಣು ಸಾವನ್ನು ಗುರುತಿಸುವುದು ಬೆರಳು, ದವಡೆ, ಪಾದಗಳಲ್ಲಿ. ಆದ್ದರಿಂದ ಅವಿಷ್ಟನ್ನು ಸಡಿಲ ಬಿಟ್ಟು, ಕತ್ತಿನ ಆಳದ ಸ್ನಾಯು ಮತ್ತು ಕೆಳಹೊಟ್ಟೆಯನ್ನು ಎಚ್ಚರವಾಗಿಡುವುದನ್ನು ಆಕೆ ಕಲಿತರು. ಉಸಿರನ್ನು ಎದೆಗೆ ಬಿಡದೆ ಬೆನ್ನಿನ ಪಕ್ಕೆಲುಬಿಗೆ ಇಳಿಸುವುದು ಇನ್ನೊಂದು ಅಭ್ಯಾಸ. ಇದರ ಜೊತೆಗೆ ಯಾರೂ ಯೋಚಿಸದ ತೊಂದರೆ ಒಂದಿತ್ತು: ಏಸಿ ಸಭಾಂಗಣದಲ್ಲಿ ಇಪ್ಪತ್ತು ನಿಮಿಷ ಅಲ್ಲಾಡದೆ ಮಲಗಿದರೆ ಮೈ ತಣ್ಣಗಾಗಿ ಬಿಗಿಯುತ್ತದೆ, ಎದ್ದ ಕೂಡಲೇ ಜಿಗಿದರೆ ತೊಡೆಯ ಹಿಂಭಾಗ ಹಿಡಿದುಕೊಳ್ಳುತ್ತದೆ. ಅದಕ್ಕಾಗಿ ಮಲಗಿದಲ್ಲೇ ತೊಡೆ, ಪೃಷ್ಠದ ಸ್ನಾಯುಗಳನ್ನು ಕಾಣದಂತೆ ಬಿಗಿದು ಬಿಡುತ್ತಿರುವುದು, ಎದ್ದ ಮೇಲೆ ಮೊದಲ ಎರಡು ನಿಮಿಷ ನಿಧಾನ ನಡಿಗೆ.

ಚಟ್ಟಕ್ಕೆ ಏಳು ಅಡಿಯ ಎರಡು ಬಿದಿರು, ಅಡ್ಡಕ್ಕೆ ಸೀಳುಗಳು, ತೆಂಗಿನ ನಾರಿನ ಹಗ್ಗ. ಹಸಿ ಬಿದಿರು ಬಾಗುತ್ತದೆ, ತೀರಾ ಒಣಗಿದ್ದು ಗಂಟಿನ ಬಳಿ ಸಿಗಿಯುತ್ತದೆ. ತಿಂಗಳು ನೆರಳಲ್ಲಿ ಒಣಗಿಸಿದ್ದನ್ನು ಆರಿಸಿ, ಸಿಬಿರು ಏಳದಂತೆ ಮರಳುಕಾಗದದಿಂದ ಉಜ್ಜಿದರು. ಹೊರುವ ಜೋಡಿ ಒಂದೇ ಎತ್ತರದವರಿರಬೇಕು. ಇಲ್ಲದಿದ್ದರೆ ಗಿಡ್ಡವರ ಹೆಗಲಿಗೆ ಕೋಲು ತಾಕುವುದೇ ಇಲ್ಲ, ಭಾರವೆಲ್ಲ ಉದ್ದದವರ ಮೇಲೆ. ಗಟ್ಟಿ ಜೋಡಿ ತಲೆಯ ಕಡೆಗೆ, ಏಕೆಂದರೆ ಮುಂಡದ ಭಾರ ಅಲ್ಲಿದೆ.

ಪ್ರಯೋಗದ ಮುಖ್ಯ ನೃತ್ಯಭಾಗ ಹುಟ್ಟಿದ್ದು ಇಲ್ಲಿ, ಹೆಗಲು ಬದಲಾಯಿಸುವುದರಲ್ಲಿ. ಹೊಸಬರು ಹಿಂದಿನಿಂದ ಬಂದು ಕೋಲಿನ ಕೆಳಗೆ ಹೆಗಲು ಕೊಟ್ಟು, ಭಾರ ಬಂದ ಮೇಲೆ ಅಂಗೈಯಿಂದ ಕೋಲನ್ನು ಎರಡು ಸಲ ತಟ್ಟಬೇಕು. ತಟ್ಟಿದ ಮೇಲೆಯೇ ಹಳಬರು ಮುಂದಕ್ಕೆ ಜಾರಿ ಹೊರಬರಬೇಕು. ಎರಡು ಮೂಲೆ ಒಟ್ಟಿಗೆ ಬದಲಾಗುವಂತಿಲ್ಲ. ತಿರುವಿನಲ್ಲಿ ಹೊರಬದಿಯವರದು ದೊಡ್ಡ ಹೆಜ್ಜೆ. ಐದು ಜನ ಹೊರುವವರು, ನಾಲ್ಕು ಮೂಲೆ. ಹಾಗಾಗಿ ಯಾವಾಗಲೂ ಒಬ್ಬರು ಕೈಖಾಲಿ. ಆ ಒಬ್ಬರು ಓಡಿ ಮುಂದೆ ಹೋಗಬೇಕು, ಮುಂದಿನ ಮೂಲೆ ಹಿಡಿಯಬೇಕು. ಹನ್ನೊಂದು ನಿಮಿಷ ಇದೇ ಸುತ್ತು, ವೇಗ ಮಾತ್ರ ಏರುತ್ತದೆ. ಸಂಗೀತವಿಲ್ಲ. ಅಂಗೈಯ ಎರಡು ತಟ್ಟುಗಳೇ ತಾಳ. ಇದರಲ್ಲಿ ಯಾವ ಊರಿನ, ಯಾವ ಜಾತಿಯ ಕ್ರಮವೂ ಇಲ್ಲದ್ದರಿಂದ ‘ನಮ್ಮ ಕಡೆ ಹೀಗಲ್ಲ’ ಎಂಬ ಮಾತು ಆಮೇಲೆ ಬರಲಿಲ್ಲ.

ನೀರು, ಮಂಡಕ್ಕಿ, ರಾಗಿ

ಬರಿಗಾಲು, ವಿನೈಲ್ ಮ್ಯಾಟ್, ನೀರು ಸೇರಿದರೆ ಬೀಳುವುದು ಖಚಿತ. ತೂತುಕೊಡದಿಂದ ನೀರಿನ ಬದಲು ಮರಳು ಸುರಿಸಿ ನೋಡಿದರು, ಪಾದ ತರಚಿತು. ರಾಗಿ ಸುರಿಸಿದರು, ಕಾಳು ಕಾಲಡಿ ಉರುಳಿ, ಮರಳೇ ವಾಸಿಯಾಗಿತ್ತು ಅನ್ನಿಸಿತು. ಕೊನೆಗೆ ನಿಜವಾದ ನೀರೇ, ಆದರೆ ಒಂದು ಗಡಿಯೊಳಗೆ: 8 ಅಡಿಗೆ 4 ಅಡಿ ಜಾಗಕ್ಕೆ ಅಂಚು ಮಡಿಸಿದ ಟಾರ್ಪಾಲು, ಅದರ ಮೇಲೆ ಎರಡು ಪದರ ಗೋಣಿತಟ್ಟು. ಗೋಣಿ ನೀರು ಕುಡಿಯುತ್ತದೆ, ಪಾದಕ್ಕೆ ಹಿಡಿತವೂ ಕೊಡುತ್ತದೆ. ಆರು ಲೀಟರಿನ ಮಣ್ಣಿನ ಕೊಡಕ್ಕೆ ಮೂರು ತೂತನ್ನು ಮೊದಲೇ ಕೊರೆದು ಮೇಣದಿಂದ ಮುಚ್ಚಿರುತ್ತಾರೆ, ರಂಗದ ಮೇಲೆ ಉಗುರಿನಿಂದ ಕಿತ್ತರೆ ಸಾಕು.

ಕೊಡ ಒಡೆಯುವುದನ್ನು ಬಿಟ್ಟರು. ಚೂರುಗಳ ಭಯವೇ ಮೊದಲ ಕಾರಣ. ಆದರೆ ಬಿಟ್ಟ ಮೇಲೆ ಗೊತ್ತಾದದ್ದು ಬೇರೆ: ಕೊಡ ಸೋರುತ್ತಿದ್ದಂತೆ ಕನ್ನಡದ ಪ್ರೇಕ್ಷಕರು ಅದು ಬೀಳುವ ಕ್ಷಣಕ್ಕೆ ಮೈ ಬಿಗಿಹಿಡಿದು ಕಾಯುತ್ತಾರೆ. ಖಾಲಿ ಕೊಡವನ್ನು ನರ್ತಕ ಸುಮ್ಮನೆ ಬೋರಲು ಹಾಕಿ ಹೋದಾಗ ಆ ಬಿಗಿ ಸಡಿಲವಾಗದೆ ಮುಂದಿನ ದೃಶ್ಯಕ್ಕೂ ದಾಟುತ್ತದೆ. ಮಂಡಕ್ಕಿ ತುಳಿದರೆ ಪುಡಿಯಾಗಿ ಮ್ಯಾಟ್ ಜಾರುತ್ತದೆಂದು ಅದನ್ನು ಕೊನೆಯ ಆರು ನಿಮಿಷಕ್ಕೆ ತಳ್ಳಿದರು. ಭಸ್ಮ ಎರಚುವುದು ಉಸಿರಿಗೆ ಕೆಟ್ಟದ್ದು, ಆದ್ದರಿಂದ ಇಲ್ಲವೇ ಇಲ್ಲ. ಬೆಂಕಿಗೆ ಸಭಾಂಗಣಗಳು ಒಪ್ಪುವುದಿಲ್ಲ, ದೀಪ ಬ್ಯಾಟರಿಯದು.

ತಮಟೆ ಮತ್ತು ಅಳು

ಮೊದಲ ಕರಡಿನಲ್ಲಿ ತಮಟೆ ಇತ್ತು, ಎಲ್ಲರಿಗೂ ಇಷ್ಟವಾಗಿತ್ತು. ತೆಗೆಯಬೇಕೆಂದದ್ದು ನಾಟಕದ ನಟ. ಹೆಣದ ಮುಂದೆ ತಮಟೆ ಬಡಿಯುವುದು ದಲಿತರ ಮೇಲೆ ಹೇರಿದ ಬಿಟ್ಟಿ ಕೆಲಸವಾಗಿತ್ತು, ಅದನ್ನು ಮಾಡೆವೆಂದು ನಿರಾಕರಿಸಿ ಪೆಟ್ಟು ತಿಂದವರ ಚರಿತ್ರೆ ನಮ್ಮಲ್ಲಿದೆ. ಅದೇ ತಮಟೆ ಮುಂದೆ ಹೋರಾಟದ ವಾದ್ಯವೂ ಆಯಿತು. ಈ ಎರಡನ್ನೂ ಹೇಳದೆ ‘ವಾತಾವರಣ’ಕ್ಕಾಗಿ ಬಳಸಿದರೆ ಹಳೆಯ ಬಿಟ್ಟಿಯನ್ನೇ ಮತ್ತೆ ಮಾಡಿಸಿದ ಹಾಗೆ ಎಂದು ಅವರ ವಾದ. ಹೇಳಬೇಕೆಂದರೆ ಅದಕ್ಕೇ ಒಂದು ಬೇರೆ ಪ್ರಯೋಗ ಬೇಕು. ತಂಡ ತಮಟೆಯನ್ನು ಕೈಬಿಟ್ಟಿತು. ಸರಿಯಾದ ನಿರ್ಧಾರ.

ಹಾಡಿಕೊಂಡು ಅಳುವುದನ್ನು ಬಲ್ಲ ಹಿರಿಯ ಹೆಂಗಸೊಬ್ಬರಿಂದ ಧ್ವನಿ ಮುದ್ರಿಸಿಕೊಳ್ಳುವ ಯೋಜನೆಯೂ ಇತ್ತು. ಅವರು ಒಪ್ಪಲಿಲ್ಲ: “ಸಾವಿಲ್ಲದ ಮನೇಲಿ ಅದನ್ನ ಹಾಡಬಾರದಪ್ಪ.” ಒತ್ತಾಯ ಮಾಡದೆ, ಅವರ ಅನುಮತಿಯಿಂದ ಉಸಿರಿನ ವಿನ್ಯಾಸವನ್ನಷ್ಟೇ ಕಲಿತರು: ಮೇಲಿನಿಂದ ಇಳಿದು ಬರುವ ಉದ್ದನೆಯ ಎಳೆ, ಕೊನೆಗೆ ಗಕ್ಕನೆ ಒಳಗೆಳೆಯುವ ಉಸಿರು. ಸ್ವರವಿಲ್ಲದೆ ಐದು ಜನ ಇದನ್ನು ಒಂದರ ಹಿಂದೊಂದು ಮಾಡುವುದೇ ಮೂರನೇ ಭಾಗದ ಧ್ವನಿ.

ಕೊನೆಗೆ ನಿಂತ ರೂಪ, ಉಳಿದ ತೊಡಕು

ಈಗ ಪ್ರಯೋಗ 52 ನಿಮಿಷ. ಪ್ರಾಣ ಹೋಗುವುದು, ಚಿತೆ, ಪಿಂಡ ಯಾವುದೂ ಇಲ್ಲ. ಟಿಕೆಟ್ ಕೊಡುವಾಗಲೂ ಬಾಗಿಲಲ್ಲೂ ‘ರಂಗದ ಮೇಲೆ ಹೆಣದ ಚಿತ್ರಣವಿದೆ’ ಎಂದು ಹೇಳುತ್ತಾರೆ, ಇತ್ತೀಚೆಗೆ ಸಾವು ಕಂಡವರು ಬಯಸಿದರೆ ಬಾಗಿಲ ಬಳಿಯ ಸೀಟು ಕೊಡುತ್ತಾರೆ. ಒಂದು ಪ್ರದರ್ಶನದ ನಡುವೆ ಎದ್ದುಹೋದವರಿದ್ದರು, ಆಮೇಲೆ ಬಂದ ಕ್ರಮ ಇದು. ಬಯಲು ರಂಗಮಂದಿರದಲ್ಲಿ ಅರ್ಧ ತೆರೆ ಕೆಲಸ ಮಾಡುವುದಿಲ್ಲ, ಗಾಳಿಗೆ ಹಾರುತ್ತದೆ. ಕೆಳಅಂಚಿಗೆ ಸರಪಳಿ ಹೊಲಿದರೂ ಪೂರ್ತಿ ನಿಂತಿಲ್ಲ. ಅಲ್ಲಿಂದ ಬರುವ ಆಹ್ವಾನಗಳನ್ನು ಸದ್ಯ ಒಪ್ಪುತ್ತಿಲ್ಲ.

ಇಬ್ಬರು ನರ್ತಕರು ಬೇರೆ ಕೆಲಸಕ್ಕೆ ಹೋದಾಗ ಹೊಸಬರಿಗೆ ಏನು ಹೇಳಿಕೊಡಬೇಕೆಂಬ ಪ್ರಶ್ನೆ ಬಂತು. ಹಳಬರ ಮನೆಯ ನೆನಪನ್ನು ಹೊಸಬರ ಮೇಲೆ ಹೊರಿಸಿದರೆ ಮೊದಲ ಕರಡಿನ ಅಳು ವಾಪಸು ಬರುತ್ತದೆ. ಅದಕ್ಕೆ ಒಂದು ಪುಸ್ತಕ ಮಾಡಿದ್ದಾರೆ: ಪ್ರತಿ ಕೆಲಸದ ಹೆಸರು, ವಸ್ತು, ಅವಧಿ, ಯಾರಿಂದ ಯಾರಿಗೆ ದಾಟುತ್ತದೆ, ಎಲ್ಲಿ ಕಾಲು ಜಾರಬಹುದು. ಯಾವುದು ಯಾರ ನೆನಪು ಎಂದು ಅದರಲ್ಲಿಲ್ಲ. ಹೊಸಬರು ಕೇಳಿದರೂ ಮೊದಲ ಐದು ಪ್ರದರ್ಶನ ಮುಗಿಯುವ ತನಕ ಹೇಳುವುದಿಲ್ಲ. ಪುಸ್ತಕಕ್ಕೆ ಇನ್ನೊಂದು ಉಪಯೋಗವೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆ ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ, ಆದರೆ ಅದು ಬರಹದಲ್ಲೋ ಬೇರೆ ರೂಪದಲ್ಲೋ ದಾಖಲಾಗಿರಬೇಕು. ಆರು ಜನರ ಉತ್ತರಗಳಿಂದ ಹುಟ್ಟಿದ ಚಲನೆಗೆ ಯಾರು ಕರ್ತೃ ಎಂಬ ಜಗಳ ಇಂಥ ತಂಡಗಳಲ್ಲಿ ತಡವಾಗಿ, ಕೆಟ್ಟದಾಗಿ ಬರುತ್ತದೆ. ಈ ತಂಡ ಪುಸ್ತಕದ ಮೊದಲ ಪುಟದಲ್ಲೇ ಆರು ಹೆಸರನ್ನೂ, ಸಂಭಾವನೆಯಲ್ಲಿ ಅವರ ಪಾಲನ್ನೂ ಬರೆದು ಎಲ್ಲರ ಸಹಿ ಹಾಕಿಸಿದೆ. ಚಿಕ್ಕಮ್ಮನ ಹೆಸರು ಹಾಕಬೇಕೆಂದರು. ಅವರು ಬೇಡವೆಂದದ್ದರಿಂದ ಕರಪತ್ರದಲ್ಲಿ ‘ಮನೆಯ ಹಿರಿಯರು’ ಎಂದಷ್ಟೇ ಇದೆ.